ಕಾಲಿನ್ ಮೆಕೆಂಜಿ: ಊರಿನ ನಕ್ಷೆ, ಊರಿನ ನೆನಪು ಮತ್ತು ಬಳ್ಳಾರಿ ಸೀಮೆ

ಕರ್ನಾಟಕದ ಸ್ಥಳೀಯ ಚರಿತ್ರೆಯ ಆಕರಗಳನ್ನು ಕುರಿತು ಚರ್ಚೆ ನಡೆದಾಗಲೆಲ್ಲ ಕಾಲಿನ್ ಮೆಕೆಂಜಿಯ ಹೆಸರು ಪ್ರಸ್ತಾಪವಾಗುತ್ತದೆ. ಕೈಫಿಯತ್ತುಗಳ ಸಂಗ್ರಾಹಕನೆಂದು, ಶಾಸನಗಳ ಪ್ರತಿ ಮಾಡಿಸಿದವನೆಂದು, ಹಸ್ತಪ್ರತಿಗಳ ದೊಡ್ಡ ಭಂಡಾರವೊಂದರ ಒಡೆಯನೆಂದು ಅವನನ್ನು ವಿದ್ವಾಂಸರು ಗುರುತಿಸಿದ್ದಾರೆ. ಆದರೆ ಅವನ ಬದುಕಿನ ಇನ್ನೊಂದು ಮುಖಕ್ಕೆ ಸಾಕಷ್ಟು ಗಮನ ಸಂದಿಲ್ಲ. ಹಳೆಯ ಊರುಗಳ ಕಟ್ಟಡ, ಬೀದಿ, ಕೋಟೆ, ಕೆರೆಗಳ ವಿನ್ಯಾಸವನ್ನೂ ಅವುಗಳನ್ನು ಕುರಿತು ಅಲ್ಲಿನ ಜನ ಇಟ್ಟುಕೊಂಡಿದ್ದ ನೆನಪನ್ನೂ ಒಂದೇ ಕೆಲಸದ ಎರಡು ಭಾಗಗಳೆಂದು ತಿಳಿದು ದಾಖಲಿಸಿದವರಲ್ಲಿ ಅವನು ಮೊದಲಿಗನು. ಇಂದು ಹಂಪಿಯಂತಹ ನೆಲೆಗಳಲ್ಲಿ ಕಟ್ಟಡವನ್ನು ಉಳಿಸುವುದೇ ಊರನ್ನು ಉಳಿಸುವುದೇ ಎಂಬ ಪ್ರಶ್ನೆ ತೀವ್ರವಾಗಿರುವುದರಿಂದ ಮೆಕೆಂಜಿಯ ಜೀವನವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಉಚಿತವಾಗಿದೆ.

ಜನನ ಮತ್ತು ಭಾರತಕ್ಕೆ ಆಗಮನ

ಮೆಕೆಂಜಿಯು 1754ರ ಸುಮಾರಿಗೆ ಸ್ಕಾಟ್ಲೆಂಡಿನ ವಾಯವ್ಯಕ್ಕಿರುವ ಲೂಯಿಸ್ ದ್ವೀಪದ ಸ್ಟಾರ್ನೊವೇ ಎಂಬ ಬಂದರು ಪಟ್ಟಣದಲ್ಲಿ ಹುಟ್ಟಿದನು. ತಂದೆ ಮರ್ಡಾಕ್ ಮೆಕೆಂಜಿ ವ್ಯಾಪಾರಿಯಾಗಿದ್ದು ಆ ಊರಿನ ಅಂಚೆಯ ಹೊಣೆಯನ್ನೂ ಹೊತ್ತಿದ್ದನು. ಕಾಲಿನ್ ತನ್ನ ಯೌವನದಲ್ಲಿ ಅದೇ ಊರಿನ ಸುಂಕದ ಕಚೇರಿಯಲ್ಲಿ ಕೆಲಸ ಮಾಡಿದನು. ಗಣಿತದಲ್ಲಿ ಅವನಿಗೆ ಒಲವಿತ್ತು. ಲಾಗರಿದಮ್ ಗಣಿತವನ್ನು ಕಂಡುಹಿಡಿದ ಜಾನ್ ನೇಪಿಯರನ ಚರಿತ್ರೆಯನ್ನು ಬರೆಯಲು ತೊಡಗಿದ್ದ ಅದೇ ವಂಶದ ಲಾರ್ಡ್ ನೇಪಿಯರನು ಹಿಂದೂಗಳ ಗಣಿತದ ಬಗೆಗೆ ಮಾಹಿತಿ ಸಂಗ್ರಹಿಸುತ್ತಿದ್ದನು. ಆ ಕೆಲಸದ ಸಂಪರ್ಕದಿಂದ ಮೆಕೆಂಜಿಗೆ ಭಾರತದ ವಿದ್ಯೆಗಳಲ್ಲಿ ಆಸಕ್ತಿ ಹುಟ್ಟಿತು. 1783ರಲ್ಲಿ, ಸುಮಾರು ಮೂವತ್ತರ ವಯಸ್ಸಿನಲ್ಲಿ, ಅವನು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯಾಧಿಕಾರಿಯಾಗಿ ಮದರಾಸಿಗೆ ಬಂದನು. ಆ ಮೇಲೆ ಅವನು ಹುಟ್ಟೂರಿಗೆ ಮರಳಲೇ ಇಲ್ಲ.

ಮಧುರೆಯಲ್ಲಿ ನೇಪಿಯರನ ಮಗಳು ಹೆಸ್ಟರ್ ಮತ್ತು ಅವಳ ಗಂಡ ಸಾಮ್ಯುಯೆಲ್ ಜಾನ್‌ಸ್ಟನ್ ವಾಸವಾಗಿದ್ದರು. ಅವರ ಮನೆಯಲ್ಲಿ ಮೆಕೆಂಜಿಗೆ ಅಲ್ಲಿನ ಪಂಡಿತರ ಪರಿಚಯವಾಯಿತು. ಆದರೆ ಸೈನ್ಯದ ಕೆಲಸ ಅವನಿಗೆ ಅಧ್ಯಯನದ ಬಿಡುವನ್ನು ಕೊಡಲಿಲ್ಲ. ಕಾಲಾಳು ದಳದಿಂದ ಇಂಜಿನಿಯರ್ ದಳಕ್ಕೆ ವರ್ಗವಾದ ಅವನು 1790ರಿಂದ 1792ರವರೆಗೆ ಟೀಪುಸುಲ್ತಾನನ ವಿರುದ್ಧದ ಯುದ್ಧದಲ್ಲಿಯೂ ಅನಂತರ ಪಾಂಡಿಚೇರಿ ಹಾಗೂ ಸಿಂಹಳದ ದಂಡಯಾತ್ರೆಗಳಲ್ಲಿಯೂ ದುಡಿದನು. ಕೋಟೆಗಳನ್ನು ಅಳೆಯುವುದು, ದಾರಿಗಳನ್ನು ಗುರುತಿಸುವುದು, ಗೋಡೆಯ ದುರ್ಬಲ ಭಾಗವನ್ನು ಪತ್ತೆಹಚ್ಚುವುದು ಅವನ ಕರ್ತವ್ಯವಾಗಿತ್ತು. ಮುಂದೆ ಹಳೆಯ ಊರುಗಳನ್ನು ಅಷ್ಟು ನಿಖರವಾಗಿ ಚಿತ್ರಿಸಿದ ಕಣ್ಣು ಮೊದಲು ಪಳಗಿದ್ದು ಅವುಗಳನ್ನು ಮುತ್ತಿ ಕೆಡಹುವ ಕೆಲಸದಲ್ಲಿ ಎಂಬುದನ್ನು ಮರೆಯುವಂತಿಲ್ಲ.

ದಖ್ಖನ್ ಮೋಜಣಿ, ಬೊರಯ್ಯ ಮತ್ತು ಹಂಪಿ

1792ರ ಒಪ್ಪಂದದ ಬಳಿಕ ಮೆಕೆಂಜಿಯನ್ನು ಹೈದರಾಬಾದಿನ ನಿಜಾಮನ ಬಳಿಯಿದ್ದ ಕಂಪನಿ ಸೈನ್ಯದ ಇಂಜಿನಿಯರನನ್ನಾಗಿ ನೇಮಿಸಿ ದಖ್ಖನ್ನಿನ ಮೋಜಣಿಯನ್ನು ವಹಿಸಲಾಯಿತು. 1794ರಲ್ಲಿ ಅವನು ಶ್ರೀಶೈಲವನ್ನು ಕಂಡು ಅಲ್ಲಿನ ದೇವಾಲಯದ ವಿವರಗಳನ್ನು ಬರೆದುಕೊಂಡನು. ಕಟ್ಟಡದ ಅಳತೆ ತನಗೆ ಸಿಗುತ್ತದೆ, ಅದರ ಅರ್ಥ ಸಿಗುವುದಿಲ್ಲ ಎಂಬ ಕೊರತೆ ಅವನನ್ನು ಇಂತಹ ಭೇಟಿಗಳಲ್ಲಿ ಕಾಡಿದಂತೆ ತೋರುತ್ತದೆ. ದೇಶಭಾಷೆಗಳನ್ನು ಅವನು ಕೊನೆಯವರೆಗೂ ಕಲಿಯಲಿಲ್ಲ. ಅದನ್ನು ಅವನೇ ಒಪ್ಪಿಕೊಂಡಿದ್ದನು. ಆದುದರಿಂದ ಅವನ ಸಾಧನೆ ಆರಂಭದಿಂದಲೂ ಇತರರ ವಿದ್ಯೆಯನ್ನು ಅವಲಂಬಿಸಿತ್ತು.

1796ರಲ್ಲಿ ಏಲೂರಿನ ಕಾವಲಿ ವೆಂಕಟ ಬೊರಯ್ಯನು ಅವನ ಬಳಿ ಸೇರಿದುದು ಈ ಬದುಕಿನ ಮುಖ್ಯ ತಿರುವು. ಇಪ್ಪತ್ತು ವರ್ಷದ ಈ ತೆಲುಗು ನಿಯೋಗಿ ಬ್ರಾಹ್ಮಣ ತರುಣನಿಗೆ ಹಲವು ಭಾಷೆಗಳ ಬಳಕೆಯಿತ್ತು. ಊರಿನ ಮುಖ್ಯಸ್ಥರಲ್ಲಿ, ಅರ್ಚಕರಲ್ಲಿ, ಕರಣಿಕರಲ್ಲಿ ವಿಶ್ವಾಸ ಹುಟ್ಟಿಸಿ ಮಾತನಾಡಿಸುವ ಜಾಣ್ಮೆಯಿತ್ತು. ಶಾಸನಗಳ ಹಳೆಯ ಲಿಪಿಗಳನ್ನು ಓದುವ ದಾರಿಯನ್ನೂ ಅವನು ಹುಡುಕಿದನು. ಪರದೇಶದ ಅಧಿಕಾರಿ ನಕ್ಷೆ ಹಿಡಿದು ಬಂದರೆ ತೆರಿಗೆ ಹೆಚ್ಚುತ್ತದೆಂದು ಹಳ್ಳಿಗರು ಹೆದರುವುದು ಸಹಜವಾಗಿತ್ತು. ಆ ಹೆದರಿಕೆಯನ್ನು ಮೀರಿ ಮನೆಗಳಲ್ಲಿದ್ದ ಕವಿಲೆ, ತಾಮ್ರಪಟ, ವಂಶಾವಳಿಗಳು ಹೊರಬಂದುದು ಬೊರಯ್ಯನಂತಹವರ ಪ್ರಯತ್ನದಿಂದ. 1803ರಲ್ಲಿ ಬೊರಯ್ಯನು ಚಿಕ್ಕ ವಯಸ್ಸಿನಲ್ಲಿಯೇ ತೀರಿಕೊಂಡನು. ಅನಂತರ ಅವನ ತಮ್ಮ ಲಕ್ಷ್ಮಯ್ಯನು ಈ ಹೊಣೆಯನ್ನು ವಹಿಸಿಕೊಂಡನು. ಇನ್ನೊಬ್ಬ ತಮ್ಮ ರಾಮಸ್ವಾಮಿಯೂ ಇದೇ ಕಾರ್ಯದಲ್ಲಿ ತೊಡಗಿ 1829ರಲ್ಲಿ ದಖ್ಖನ್ನಿನ ಕವಿಗಳ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದನು.

1799ರಲ್ಲಿ ಶ್ರೀರಂಗಪಟ್ಟಣದ ಕೊನೆಯ ಮುತ್ತಿಗೆಯಲ್ಲಿ ಮೆಕೆಂಜಿಯು ಇಂಜಿನಿಯರನಾಗಿ ಭಾಗವಹಿಸಿದನು. ಟೀಪುವಿನ ಪತನವಾಯಿತು. 1799–1800ರ ಸುಮಾರಿಗೆ ಹಂಪಿಯ ಅವಶೇಷಗಳ ನಕ್ಷೆ ಸಿದ್ಧವಾಯಿತು. ವಿಜಯನಗರದ ನೆಲೆಯನ್ನು ಅಳತೆಯ ಆಧಾರದ ಮೇಲೆ ಗುರುತಿಸಿದ ಮೊದಲ ನಕ್ಷೆಯೆಂದು ಇದನ್ನು ಪರಿಗಣಿಸಲಾಗಿದೆ. ಇದರೊಂದಿಗೆ ಅಲ್ಲಿನ ಕಟ್ಟಡಗಳ ಜಲವರ್ಣ ಚಿತ್ರಗಳೂ ರಚಿತವಾದವು. ಛಾಯಾಗ್ರಹಣವಿಲ್ಲದ ಆ ಕಾಲದಲ್ಲಿ ಕಟ್ಟಡವೊಂದರ ಸ್ಥಿತಿಯನ್ನು ಮುಂದಿನವರಿಗೆ ತಿಳಿಸಲು ಇವೇ ಸಾಧನಗಳಾಗಿದ್ದವು. ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಅಧಿಕಾರಿ ಹಂಪಿಯ ಛಾಯಾಚಿತ್ರಗಳನ್ನು ತೆಗೆದುದು ಅರ್ಧ ಶತಮಾನಕ್ಕೂ ಹೆಚ್ಚು ಕಾಲದ ಅನಂತರ, 1856ರಲ್ಲಿ.

1565ರ ಯುದ್ಧದ ಬಳಿಕ ರಾಜಧಾನಿ ಹಾಳಾದರೂ ಹಂಪಿ ಪೂರ್ತಿ ನಿರ್ಜನವಾಗಿರಲಿಲ್ಲ. ವಿರೂಪಾಕ್ಷನ ಪೂಜೆ ಮುಂದುವರಿದಿತ್ತು. ನದಿಯಾಚೆ ಆನೆಗೊಂದಿಯಲ್ಲಿ ಅರಸು ಮನೆತನವೊಂದು ಉಳಿದಿತ್ತು. ವಿಜಯನಗರದ ಕಾಲುವೆಗಳಲ್ಲಿ ನೀರು ಹರಿದು ಗದ್ದೆಗಳು ಬೆಳೆಯುತ್ತಿದ್ದವು. ಮೆಕೆಂಜಿಯ ಸಂಗ್ರಹದಲ್ಲಿ ಹಂಪಿಯ ನಕ್ಷೆಯ ಜೊತೆಗೆ ಆನೆಗೊಂದಿಯ ಅರಸರಿಗೆ ಸಂಬಂಧಿಸಿದ ವೃತ್ತಾಂತಗಳೂ ಸೇರಿರುವುದನ್ನು ಗಮನಿಸಬೇಕು. ಕಲ್ಲಿನ ಲೆಕ್ಕ ಒಂದೆಡೆ, ಆ ಕಲ್ಲಿಗೆ ಹಕ್ಕುದಾರರೆಂದು ಹೇಳಿಕೊಳ್ಳುವವರ ಮಾತು ಇನ್ನೊಂದೆಡೆ ದಾಖಲಾಯಿತು.

ಮೈಸೂರು ಮೋಜಣಿಯ ವಿಧಾನ

ಟೀಪುವಿನ ಪತನದ ಬಳಿಕ ಗವರ್ನರ್ ಜನರಲ್ ವೆಲ್ಲೆಸ್ಲಿಯು ಮೈಸೂರು ಸೀಮೆಯನ್ನು ಅರಿಯಲು ಮೂರು ಕೆಲಸಗಳನ್ನು ಆರಂಭಿಸಿದನು. ಫ್ರಾನ್ಸಿಸ್ ಬುಕಾನನ್‌ನಿಗೆ ಕೃಷಿ ಮತ್ತು ಜನಜೀವನದ ವಿಚಾರಣೆ, ವಿಲಿಯಂ ಲ್ಯಾಂಬ್ಟನ್‌ನಿಗೆ ತ್ರಿಕೋನಮಿತಿಯ ಮೋಜಣಿ, ಮೆಕೆಂಜಿಗೆ ಭೂವಿವರಣೆಯ ಮೋಜಣಿ. ಸುಮಾರು 40,000 ಚದರ ಮೈಲಿಗಳ ಈ ಕೆಲಸವು ಮೆಕೆಂಜಿಯ ಹತ್ತು ವರ್ಷಗಳನ್ನು ತೆಗೆದುಕೊಂಡಿತು. 1801ರಲ್ಲಿಯೇ ಲಂಡನ್ನಿನ ನಿರ್ದೇಶಕರು ವೆಚ್ಚವನ್ನು ಕಡಿತಗೊಳಿಸಿದರು. ಚರಿತ್ರೆಯ ಸಾಮಗ್ರಿಯನ್ನು ಕೂಡಿಸುವುದು ಕಂಪನಿಯ ದೃಷ್ಟಿಯಲ್ಲಿ ಮೋಜಣಿಯ ಅಂಗವಾಗಿರಲಿಲ್ಲ. ಆದುದರಿಂದ ಅದರ ವೆಚ್ಚದ ಬಹುಭಾಗವನ್ನು ಮೆಕೆಂಜಿಯು ತನ್ನ ಸಂಬಳದಿಂದಲೇ ಭರಿಸಿದನು.

ಅವನ ವಿಧಾನ ಸರಳವಾಗಿತ್ತು. ಮೋಜಣಿದಾರರು ಊರಿನ ಗಡಿ, ಬೆಟ್ಟ, ಹೊಳೆ, ಕೆರೆ, ದಾರಿ, ಕೋಟೆ, ಮನೆಗಳ ಲೆಕ್ಕ ಇವುಗಳನ್ನು ಗುರುತಿಸುತ್ತಿದ್ದರು. ಅದೇ ಸೀಮೆಗೆ ಬೇರೆಯಾಗಿ ಹೋದ ಪಂಡಿತರು ಮತ್ತು ಗುಮಾಸ್ತರು ಆ ಊರಿಗೆ ಹೆಸರು ಹೇಗೆ ಬಂತು, ಕೋಟೆಯನ್ನು ಕಟ್ಟಿಸಿದವರು ಯಾರು, ದೇವಸ್ಥಾನಕ್ಕೆ ಯಾವ ಅರಸ ಏನನ್ನು ಬಿಟ್ಟನು, ಕೆರೆಯ ನೀರಿನ ಮೇಲೆ ಯಾರ ಹಕ್ಕು ಎಷ್ಟು ಎಂಬುದನ್ನು ಸ್ಥಳೀಯರಿಂದ ಬರೆಸಿಕೊಳ್ಳುತ್ತಿದ್ದರು. ಹೀಗೆ ಬರೆಸಿದ ವರದಿಗೆ ಕೈಫಿಯತ್ತು ಎಂದು ಹೆಸರು. ಅರಬ್ಬಿ ಮೂಲದ ಈ ಮಾತಿಗೆ ವಿವರ, ಸ್ಥಿತಿಗತಿ ಎಂಬ ಅರ್ಥವಿದೆ. ನಕ್ಷೆ ಊರಿನ ಹೊರರೂಪವನ್ನು ಹಿಡಿದರೆ ಕೈಫಿಯತ್ತು ಆ ರೂಪಕ್ಕೆ ಕಾರಣವಾದ ಸಂಬಂಧಗಳನ್ನು ಹಿಡಿಯಿತು.

ಕನ್ನಡ ನಾಡಿನಲ್ಲಿ ಈ ಕಾರ್ಯಕ್ಕೆ ಜೈನ ವಿದ್ವಾಂಸರ ನೆರವು ಗಮನಾರ್ಹವಾದುದು. ಮಲೆಯೂರಿನ ಧರ್ಮಯ್ಯನು ಹಳಗನ್ನಡ ಶಾಸನಗಳನ್ನು ಓದಿ ವಿವರಿಸಿದನು. ಅದೇ ಮಲೆಯೂರಿನ ದೇವಚಂದ್ರನೂ ಮೆಕೆಂಜಿಯ ಸಂಪರ್ಕಕ್ಕೆ ಬಂದನು. ಅವನು 1838ರಲ್ಲಿ ಮುಗಿಸಿದ ರಾಜಾವಳೀಕಥೆಯ ಹಿನ್ನೆಲೆಯಲ್ಲಿ ಈ ಸಂಪರ್ಕವಿರುವುದನ್ನು ಕನ್ನಡ ವಿದ್ವಾಂಸರು ಗುರುತಿಸಿದ್ದಾರೆ. ಶ್ರವಣಬೆಳಗೊಳದ ಚಾರುಕೀರ್ತಿಗಳಿಂದ ಪಡೆದ ಮಾಹಿತಿ ಮೆಕೆಂಜಿಯ ಜೈನರ ಕುರಿತ ಲೇಖನಕ್ಕೆ ಆಧಾರವಾಯಿತು. 1816ರಲ್ಲಿ ಥಾಮಸ್ ಹಿಕ್ಕಿ ಬರೆದ ವರ್ಣಚಿತ್ರದಲ್ಲಿ ಮೆಕೆಂಜಿಯ ಸುತ್ತ ಮೂವರು ಭಾರತೀಯ ಸಹಾಯಕರಿದ್ದಾರೆ. ಹಿನ್ನೆಲೆಯಲ್ಲಿ ಕಾರ್ಕಳದ ಗೊಮ್ಮಟನ ವಿಗ್ರಹ ಕಾಣುತ್ತದೆ. ಸಹಾಯಕರನ್ನು ತನ್ನೊಡನೆ ಚಿತ್ರಿಸಿಕೊಳ್ಳುವುದು ಆ ಕಾಲದ ಅಧಿಕಾರಿಗಳಲ್ಲಿ ಅಪರೂಪದ ನಡವಳಿಕೆ.

ಬಳ್ಳಾರಿ ಸೀಮೆಯ ಊರುಗಳು

1800ರಲ್ಲಿ ನಿಜಾಮನು ಬಳ್ಳಾರಿ, ಅನಂತಪುರ, ಕಡಪ ಮುಂತಾದ ಸೀಮೆಗಳನ್ನು ಕಂಪನಿಗೆ ಬಿಟ್ಟುಕೊಟ್ಟನು. ದತ್ತ ಮಂಡಲವೆಂದು ಹೆಸರಾದ ಈ ಪ್ರದೇಶಕ್ಕೆ ಥಾಮಸ್ ಮನ್ರೋ 1807ರವರೆಗೆ ಮುಖ್ಯ ಕಲೆಕ್ಟರನಾಗಿದ್ದನು. ಎಂಬತ್ತರಷ್ಟು ಪಾಳೆಯಗಾರರ ಅಧಿಕಾರ ಆ ಅವಧಿಯಲ್ಲಿ ಮುರಿದುಬಿತ್ತು. ಅವರ ಕೋಟೆಗಳು ಬರಿದಾದವು. 1810ರಲ್ಲಿ ಮೆಕೆಂಜಿಯು ಮದರಾಸಿನ ಸರ್ವೇಯರ್ ಜನರಲ್ ಆದನು. ದತ್ತ ಮಂಡಲದ ಮೋಜಣಿ ಅವನ ಮೇಲ್ವಿಚಾರಣೆಯಲ್ಲಿ 1815ರ ಸುಮಾರಿನವರೆಗೂ ನಡೆಯಿತು. ಪಾಳೆಯಪಟ್ಟುಗಳ ಅಧಿಕಾರ ಕಳಚಿಹೋಗಿ ಅವುಗಳ ನೆನಪು ಮಾತ್ರ ಹಸಿಯಾಗಿದ್ದ ಸಂಧಿಕಾಲದಲ್ಲಿ ಈ ಸೀಮೆಯ ಕೈಫಿಯತ್ತುಗಳು ಬರೆಯಲ್ಪಟ್ಟವು. ಹತ್ತಿಪ್ಪತ್ತು ವರ್ಷ ತಡವಾಗಿದ್ದರೆ ಹೇಳುವವರೇ ಇರುತ್ತಿರಲಿಲ್ಲ.

ಈ ಸೀಮೆಯ ಊರುಗಳ ರಚನೆಗೆ ತನ್ನದೇ ಆದ ಲಕ್ಷಣವಿದೆ. ಬಳ್ಳಾರಿಯಲ್ಲಿ ಒಂಟಿ ಬಂಡೆಗುಡ್ಡದ ಮೇಲೆ ಹಂಡೆ ಪಾಳೆಯಗಾರರು ಮೇಲುಕೋಟೆಯನ್ನು ಕಟ್ಟಿದರು. ಹೈದರಾಲಿಯ ಕಾಲದಲ್ಲಿ ಅದರ ಬುಡದಲ್ಲಿ ಕೆಳಕೋಟೆ ಎದ್ದಿತು. ಕಂಪನಿಯ ದಂಡು ಬಂದ ಮೇಲೆ ಕೋಟೆಯ ಹೊರಗೆ ಬ್ರೂಸ್‌ಪೇಟೆ, ಕೌಲ್‌ಬಜಾರ್‌ಗಳು ಬೆಳೆದವು. ಕುರುಗೋಡು ಹನ್ನೆರಡನೆಯ ಶತಮಾನದಲ್ಲಿ ಸಿಂದರ ರಾಜಧಾನಿಯಾಗಿತ್ತು. ಬೆಟ್ಟದ ಕೋಟೆ, ಅದರ ಕೆಳಗಿನ ಹಳೆಯ ಗುಡಿಗಳ ಸಾಲು, ಏಕಶಿಲೆಯ ದೊಡ್ಡ ಬಸವಣ್ಣನ ಗುಡಿ ಇವು ಬೇರೆ ಬೇರೆ ಕಾಲದ ಪದರಗಳಾಗಿ ಅಲ್ಲಿ ಉಳಿದಿವೆ. ಸಿರುಗುಪ್ಪವು ತುಂಗಭದ್ರೆಯಿಂದ ತೆಗೆದ ವಿಜಯನಗರ ಕಾಲದ ಕಾಲುವೆಯ ಆಶ್ರಯದಲ್ಲಿ ಬೆಳೆದ ಊರು. ಹಗರಿಯ ದಂಡೆಯ ಮೋಕ ಮತ್ತು ಅದರ ಆಸುಪಾಸಿನ ಎರೆಭೂಮಿಯ ಹಳ್ಳಿಗಳಲ್ಲಿ ಅರಸರ ಕೋಟೆಗಿಂತ ಊರಿನ ಅಗಸಿ, ಗುಂಡಗಿನ ಹುಡೇವು, ಮಣ್ಣಿನ ಮಾಳಿಗೆಯ ಮನೆಗಳ ಸಾಲು, ಕಟ್ಟೆ, ಬಾವಿ ಇವೇ ಊರಿನ ರೂಪವನ್ನು ನಿರ್ಣಯಿಸುತ್ತಿದ್ದವು. ಮಳೆ ಕಡಮೆಯಾದ ನಾಡಿನಲ್ಲಿ ಮಟ್ಟಸವಾದ ಮಣ್ಣಿನ ಮಾಳಿಗೆ, ದಂಡು ಮತ್ತು ದರೋಡೆಗಳ ಭಯವಿದ್ದ ಕಾಲದಲ್ಲಿ ಒತ್ತಾದ ಮನೆಗಳು ಹಾಗೂ ಹುಡೇವು, ಹೀಗೆ ಪ್ರತಿಯೊಂದಕ್ಕೂ ಬದುಕಿನ ಕಾರಣವಿತ್ತು.

ಕೈಫಿಯತ್ತುಗಳ ಸಾಮಾನ್ಯ ರಚನೆಯನ್ನು ನೋಡಿದರೆ ಊರಿನ ಇಂತಹ ರೂಪ ಎಷ್ಟು ಮಟ್ಟಿಗೆ ಹಕ್ಕು ಮತ್ತು ಹೊಣೆಗಳ ಜಾಲದ ಮೇಲೆ ನಿಂತಿತ್ತೆಂಬುದು ವಿಶದವಾಗುತ್ತದೆ. ಊರಿನ ಹುಟ್ಟಿನ ಐತಿಹ್ಯದಿಂದ ಅವು ಆರಂಭವಾಗುತ್ತವೆ. ಅನಂತರ ಆಳಿದವರ ಪರಂಪರೆ ಬರುತ್ತದೆ. ಗುಡಿ, ಮಠ, ಮಸೀದಿಗಳಿಗೆ ಬಿಟ್ಟ ಮಾನ್ಯ, ಕೆರೆ ಕಟ್ಟಿಸಿದವರ ಹೆಸರು, ಕಾಲುವೆಯ ರಿಪೇರಿಗೆ ಯಾರು ಹೊಣೆ, ಜಾತ್ರೆ ಎಂದು ಎಂಬ ವಿವರಗಳಿರುತ್ತವೆ. ಐತಿಹ್ಯ ಮತ್ತು ಚರಿತ್ರೆ ಬೆರೆತಿರುವುದರಿಂದ ಕಾಲನಿರ್ಣಯಕ್ಕೆ ಇವುಗಳನ್ನು ಶಾಸನಗಳೊಡನೆ ತಾಳೆ ನೋಡಿಯೇ ಬಳಸಬೇಕಾಗುತ್ತದೆ. ಆದರೆ ಗುಡಿಯೊಂದರ ದೀಪ ಉರಿಯಲು ಯಾವ ಹೊಲದ ಆದಾಯ ಬೇಕಾಗಿತ್ತು ಎಂಬುದನ್ನು ತಿಳಿಯಲು ಇವುಗಳಿಗಿಂತ ಉತ್ತಮ ಆಕರ ವಿರಳ. ಹೊಲ ಕೈತಪ್ಪಿದಾಗ ಗುಡಿ ಹಾಳಾಯಿತು. ಕೆರೆಯ ಹೊಣೆ ಯಾರದೂ ಅಲ್ಲವೆಂದಾದಾಗ ಏರಿ ಒಡೆಯಿತು. ಕಟ್ಟಡಗಳ ಅಳಿವಿಗೆ ಗಾಳಿಮಳೆಗಳಷ್ಟೇ ಕಾರಣವಲ್ಲ ಎಂಬುದಕ್ಕೆ ಕೈಫಿಯತ್ತುಗಳೇ ಸಾಕ್ಷಿ.

ಅಮರಾವತಿಯ ಪಾಠ

ಮೆಕೆಂಜಿಯ ಪ್ರಯತ್ನದ ಮಿತಿ ಸ್ಪಷ್ಟವಾಗಿ ಕಾಣುವುದು ಕೃಷ್ಣಾತೀರದ ಅಮರಾವತಿಯಲ್ಲಿ. ಜಮೀನ್ದಾರ ವಾಸಿರೆಡ್ಡಿ ವೆಂಕಟಾದ್ರಿ ನಾಯುಡು ಅಲ್ಲಿ ಹೊಸ ಪಟ್ಟಣವನ್ನು ಕಟ್ಟಿಸುತ್ತಿದ್ದಾಗ ಬೌದ್ಧ ಸ್ತೂಪವಿದ್ದ ದಿಬ್ಬವನ್ನು ಅಗೆದು ಕಲ್ಲು, ಇಟ್ಟಿಗೆಗಳನ್ನು ಸಾಗಿಸಲಾಯಿತು. 1797ರಲ್ಲಿ ಮೆಕೆಂಜಿಯು ಈ ಸುದ್ದಿ ತಿಳಿದು ಅಲ್ಲಿಗೆ ಹೋಗಿ ಶಿಲ್ಪಗಳನ್ನು ಕಂಡನು. ಆದರೆ ಅಂದು ಅವನಿಗೆ ಹೆಚ್ಚು ಕಾಲ ನಿಲ್ಲಲು ಆಗಲಿಲ್ಲ. 1816ರಲ್ಲಿ ಮರಳಿ ಬಂದಾಗ ದಿಬ್ಬದ ನಡುಭಾಗ ಕೆರೆಗಾಗಿ ತೋಡಿದ ಹಳ್ಳವಾಗಿತ್ತು. ಅಮೃತಶಿಲೆಯಂತೆ ಹೊಳೆಯುವ ಸುಣ್ಣಕಲ್ಲಿನ ಫಲಕಗಳು ಮೆಟ್ಟಿಲುಗಳಾಗಿ, ಗೋಡೆಗಳಾಗಿ ಚದುರಿಹೋಗಿದ್ದವು. ಅವನ ತಂಡವು ಉಳಿದುದನ್ನು ಅಳೆದು ಶಿಲ್ಪಗಳ ಚಿತ್ರಗಳನ್ನು ಬರೆಯಿತು. ಆ ಚಿತ್ರಗಳಲ್ಲಿರುವ ಕೆಲವು ಶಿಲ್ಪಗಳು ಮುಂದೆ ಸಿಗಲೇ ಇಲ್ಲ.

ಮೆಕೆಂಜಿಯ ಕಾಲದಲ್ಲಿಯೇ ಕೆಲವು ಕಲ್ಲುಗಳು ಅಲ್ಲಿಂದ ಮಚಲೀಪಟ್ಟಣಕ್ಕೂ ಕಲ್ಕತ್ತೆಗೂ ಹೋದವು. ಅನಂತರದ ಅಧಿಕಾರಿಗಳ ಕಾಲದಲ್ಲಿ ಅಮರಾವತಿಯ ಶಿಲ್ಪಗಳು ಮದರಾಸು ಮತ್ತು ಲಂಡನ್ನಿನ ವಸ್ತುಸಂಗ್ರಹಾಲಯಗಳಲ್ಲಿ ಹಂಚಿಹೋದವು. ಹೊಸ ಊರು ಹಳೆಯ ಕಟ್ಟಡವನ್ನು ತಿಂದಿತೆಂಬುದು ನಿಜ; ರಕ್ಷಣೆಯ ಹೆಸರಿನಲ್ಲಿ ಉಳಿದ ಕಲ್ಲುಗಳೂ ನೆಲೆ ತಪ್ಪಿದವೆಂಬುದು ಅಷ್ಟೇ ನಿಜ. ದಾಖಲಿಸುವುದರಿಂದಲೇ ರಕ್ಷಣೆಯಾಗುವುದಿಲ್ಲ. ದಾಖಲೆಯೂ ಇಲ್ಲವಾಗಿದ್ದರೆ ಆ ಸ್ತೂಪದ ಸ್ವರೂಪವನ್ನು ಊಹಿಸುವುದು ಕಷ್ಟವಾಗುತ್ತಿತ್ತು.

ಜಾವಾದ ಎರಡು ವರ್ಷಗಳು

1811ರಲ್ಲಿ ಬ್ರಿಟಿಷರು ಡಚ್ಚರ ವಶದಲ್ಲಿದ್ದ ಜಾವಾದ ಮೇಲೆ ದಂಡೆತ್ತಿ ಹೋದಾಗ ಮೆಕೆಂಜಿಯು ಮುಖ್ಯ ಇಂಜಿನಿಯರನಾಗಿ ಹೋದನು. 1813ರವರೆಗೆ ಅಲ್ಲಿದ್ದು ಡಚ್ಚರ ಕಚೇರಿ ಪತ್ರಗಳನ್ನೂ ಸ್ಥಳೀಯ ಹಸ್ತಪ್ರತಿಗಳನ್ನೂ ಸಂಗ್ರಹಿಸಿದನು. 1812ರ ಜನವರಿಯಲ್ಲಿ ಪ್ರಂಬನಾನಿನ ಹಿಂದೂ ದೇವಾಲಯಗಳ ಅವಶೇಷಗಳನ್ನು ನೋಡಿ ಅವುಗಳ ವಿವರಣೆಯನ್ನು ಬರೆದನು. ದಕ್ಷಿಣ ಭಾರತದ ಗುಡಿಗಳನ್ನು ಕಂಡಿದ್ದವನಿಗೆ ಸಮುದ್ರದಾಚೆಯ ಆ ಕಟ್ಟಡಗಳು ಅಪರಿಚಿತವಾಗಿ ತೋರಿರಲಾರವು. ಅವನು ಮರಳಿದ ಮರುವರ್ಷ, 1814ರಲ್ಲಿ, ಅಲ್ಲಿನ ಆಡಳಿತಗಾರ ರಾಫೆಲ್ಸ್‌ನು ಬೊರೊಬುದೂರಿನ ಸ್ತೂಪವನ್ನು ಶೋಧಿಸಲು ಇಂಜಿನಿಯರನೊಬ್ಬನನ್ನು ಕಳುಹಿಸಿದನು. ಜಾವಾದಲ್ಲಿಯೇ 1812ರಲ್ಲಿ ಮೆಕೆಂಜಿಯ ವಿವಾಹ ಡಚ್ ಮನೆತನದ ಪೆಟ್ರೊನೆಲ್ಲಾ ಬಾರ್ಟೆಲ್ಸ್‌ಳೊಂದಿಗೆ ನಡೆಯಿತು.

ಕೊನೆಯ ದಿನಗಳು ಮತ್ತು ಸಂಗ್ರಹದ ಗತಿ

1815ರಲ್ಲಿ ಮೆಕೆಂಜಿಯು ಇಡೀ ಭಾರತಕ್ಕೆ ಮೊದಲ ಸರ್ವೇಯರ್ ಜನರಲ್ ಆಗಿ ನೇಮಕಗೊಂಡನು. 1817ರಲ್ಲಿ ಸಂಗ್ರಹದೊಂದಿಗೆ ಕಲ್ಕತ್ತೆಗೆ ಹೋದನು. ದಕ್ಷಿಣದಿಂದ ದೂರವಾದುದು ಅವನ ಕೆಲಸಕ್ಕೆ ತೊಡಕಾಯಿತು. ಕೆಲವರು ಸಹಾಯಕರು ಅವನೊಂದಿಗೆ ಹೋದರು, ಮತ್ತೆ ಕೆಲವರು ದಕ್ಷಿಣದಲ್ಲಿಯೇ ಸಂಗ್ರಹವನ್ನು ಮುಂದುವರಿಸಿದರು. ಎಲ್ಲವನ್ನೂ ವರ್ಗೀಕರಿಸಿ ಸಮಗ್ರವಾದ ಸೂಚಿಯನ್ನು ಸಿದ್ಧಪಡಿಸಬೇಕೆಂಬ ಅವನ ಉದ್ದೇಶ ಕೈಗೂಡಲಿಲ್ಲ. 1821ರ ಮೇ 8ರಂದು ಕಲ್ಕತ್ತೆಯ ಸಮೀಪದಲ್ಲಿ ಅವನು ತೀರಿಕೊಂಡನು.

ವಿಧವೆಯಿಂದ ಕಂಪನಿಯು ಸಂಗ್ರಹವನ್ನು ಕೊಂಡುಕೊಂಡಿತು. ಹೊರೇಸ್ ಹೇಮನ್ ವಿಲ್ಸನ್ 1828ರಲ್ಲಿ ಅದರ ಸೂಚಿಯನ್ನು ಎರಡು ಸಂಪುಟಗಳಲ್ಲಿ ಪ್ರಕಟಿಸಿದನು. ಅದರ ಪ್ರಕಾರ 1,568 ಸಾಹಿತ್ಯ ಹಸ್ತಪ್ರತಿಗಳು, 2,070 ಸ್ಥಳೀಯ ವೃತ್ತಾಂತಗಳು, 8,076 ಶಾಸನಗಳ ಪ್ರತಿಗಳು, 79 ನಕ್ಷೆಗಳು, 2,630 ಚಿತ್ರಗಳು, 6,218 ನಾಣ್ಯಗಳು ಅಲ್ಲಿದ್ದವು. ಇವು ಒಂದೆಡೆ ಉಳಿಯಲಿಲ್ಲ. ನಕ್ಷೆ ಮತ್ತು ಚಿತ್ರಗಳ ಬಹುಭಾಗ ಲಂಡನ್ನಿಗೆ ಹೋಯಿತು. ದಕ್ಷಿಣದ ಭಾಷೆಗಳ ವೃತ್ತಾಂತಗಳು ಮದರಾಸಿಗೆ ಬಂದು ಸರ್ಕಾರಿ ಹಸ್ತಪ್ರತಿ ಭಂಡಾರದಲ್ಲಿ ನೆಲೆಗೊಂಡವು. ಊರಿನ ರೂಪ ಒಂದು ಖಂಡದಲ್ಲಿ, ಊರಿನ ಮಾತು ಇನ್ನೊಂದು ಖಂಡದಲ್ಲಿ ಎಂಬಂತಾಯಿತು. ಮೆಕೆಂಜಿಯು ಒಟ್ಟಿಗೆ ಕೂಡಿಸಿದ್ದನ್ನು ಆಡಳಿತವು ವಿಷಯಾನುಸಾರ ಬೇರ್ಪಡಿಸಿತು.

ಲಕ್ಷ್ಮಯ್ಯನ ಕಥೆ ಇದಕ್ಕಿಂತ ನೋವಿನದು. ಒಡೆಯನ ಮರಣದ ಬಳಿಕ ಉಳಿದ ಕೆಲಸವನ್ನು ಮುಂದುವರಿಸಲು ಅನುಮತಿ, ನೆರವುಗಳನ್ನು ಬೇಡಿ ಅವನು ಬಹುಕಾಲ ಅರ್ಜಿಗಳನ್ನು ಸಲ್ಲಿಸಿದನು. 1836ರಲ್ಲಿ ಏಷ್ಯಾಟಿಕ್ ಸೊಸೈಟಿಯ ಸಮಿತಿಯು, ದೇಶೀಯನೊಬ್ಬನು ಇಂತಹ ಸಂಶೋಧನೆಯನ್ನು ಸ್ವತಂತ್ರವಾಗಿ ನಡೆಸಲು ಅರ್ಹನಲ್ಲವೆಂದು ತೀರ್ಮಾನಿಸಿತು. ನಾಲ್ಕು ದಶಕಗಳ ಅನುಭವವನ್ನು ಹೀಗೆ ತಳ್ಳಿಹಾಕಲಾಯಿತು. ಮೆಕೆಂಜಿಯ ಸಂಗ್ರಹವನ್ನು ವಸಾಹತು ಆಳ್ವಿಕೆಯ ಜ್ಞಾನಸಾಧನವೆಂದು ನಿಕೋಲಸ್ ಡರ್ಕ್ಸ್ ವಿವೇಚಿಸಿದ್ದಾರೆ. ಅದರಲ್ಲಿ ಸ್ಥಳೀಯ ವಿದ್ವಾಂಸರ ಪಾಲು ನಿರ್ಣಾಯಕವಾದುದೆಂದು ಫಿಲಿಪ್ ವ್ಯಾಗನರ್ 2003ರಲ್ಲಿ ವಾದಿಸಿದ್ದಾರೆ. ಈ ಎರಡು ನಿಲುವುಗಳು ಪರಸ್ಪರ ಪೂರಕವಾಗಿವೆ. ಮೋಜಣಿಯ ಉದ್ದೇಶ ಆಳುವವರದು. ಅದರೊಳಗೆ ಬಂದು ನಿಂತ ನೆನಪು ಊರಿನವರದು.

ಬೇರ್ಪಟ್ಟ ಎರಡು ದಾರಿಗಳು

ಮೆಕೆಂಜಿಯ ಅನಂತರ ಹಂಪಿಯ ರಕ್ಷಣೆ ಕಲ್ಲಿನ ದಾರಿಯನ್ನೇ ಹಿಡಿಯಿತು. ಬಳ್ಳಾರಿಯಲ್ಲಿ ಕಲೆಕ್ಟರನಾಗಿದ್ದ ರಾಬರ್ಟ್ ಸ್ಯೂಯಲ್ 1900ರಲ್ಲಿ ವಿಜಯನಗರದ ಚರಿತ್ರೆಯನ್ನು ಪ್ರಕಟಿಸಿದನು. 1904ರಲ್ಲಿ ಪ್ರಾಚೀನ ಸ್ಮಾರಕಗಳ ರಕ್ಷಣೆಯ ಕಾಯ್ದೆ ಬಂದಿತು. 1917ರಲ್ಲಿ ಲಾಂಗ್‌ಹರ್ಸ್ಟ್ ಹಂಪಿಯ ಅವಶೇಷಗಳ ಕೈಪಿಡಿಯನ್ನು ಬರೆದನು. 1980ರಿಂದ ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಚೆಲ್ ಅವರು ನಡೆಸಿದ ಯೋಜನೆಯಲ್ಲಿ ನಗರದ ವಿನ್ಯಾಸ ಕೂಲಂಕಷವಾಗಿ ದಾಖಲಾಯಿತು. 1986ರಲ್ಲಿ ಹಂಪಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ತುಂಗಭದ್ರೆಯ ಮೇಲಿನ ಸೇತುವೆಗಳ ಕಾರಣದಿಂದ 1999ರಲ್ಲಿ ಅಪಾಯದ ಪಟ್ಟಿಗೂ ಸೇರಿ 2006ರಲ್ಲಿ ಅದರಿಂದ ಹೊರಬಂದಿತು. ಸುಮಾರು 41.8 ಚದರ ಕಿಲೋಮೀಟರಿನ ಮುಖ್ಯ ವಲಯವನ್ನು ನೋಡಿಕೊಳ್ಳಲು 2002ರ ಕಾಯ್ದೆಯಂತೆ ಪ್ರಾಧಿಕಾರ ರಚಿತವಾಯಿತು. 2021ರಿಂದ ಹಂಪಿ ವಿಜಯನಗರ ಜಿಲ್ಲೆಯಲ್ಲಿದೆ.

ಊರಿನ ದಾರಿ ಇದಕ್ಕಿಂತ ತೀರ ಭಿನ್ನವಾಯಿತು. ವಿರೂಪಾಕ್ಷ ದೇವಾಲಯದ ಮುಂದಿನ ತೇರಿನ ಬೀದಿಯ ಎರಡು ಸಾಲು ಕಲ್ಲಿನ ಮಂಟಪಗಳು ವಿಜಯನಗರದ ಕಾಲದಲ್ಲಿ ಅಂಗಡಿಗಳ ಬೀದಿಯಾಗಿದ್ದವು. ಮುಂದೆ ಜನ ಅವುಗಳಲ್ಲಿ ಮತ್ತು ಸುತ್ತಮುತ್ತ ಮನೆ, ಅಂಗಡಿ, ಖಾನಾವಳಿಗಳನ್ನು ಮಾಡಿಕೊಂಡಿದ್ದರು. 2011ರ ಜುಲೈಯಲ್ಲಿ ಇವುಗಳನ್ನು ತೆರವುಗೊಳಿಸಲಾಯಿತು. ನೂರಾರು ಕುಟುಂಬಗಳು ನೆಲೆ ಕಳೆದುಕೊಂಡವು; ಅವರಿಗೆ ಕಡ್ಡಿರಾಂಪುರದಲ್ಲಿ ಪುನರ್ವಸತಿಯನ್ನು ಯೋಜಿಸಲಾಯಿತು. ಸಿಮೆಂಟು, ಕಬ್ಬಿಣಗಳ ಹೊಸ ಸೇರ್ಪಡೆಗಳಿಂದ ಮಂಟಪಗಳಿಗೆ ಹಾನಿಯಾಗಿತ್ತೆಂಬ ಆಡಳಿತದ ಕಾರಣವನ್ನು ಸುಳ್ಳೆನ್ನಲಾಗದು. ಬಜಾರವೆಂದೇ ಹೆಸರಾದ ಬೀದಿಯಿಂದ ವ್ಯಾಪಾರಿಗಳನ್ನು ಹೊರಹಾಕಿದ ಮೇಲೆ ಉಳಿದುದನ್ನು ಬಜಾರವೆನ್ನಬಹುದೇ ಎಂಬ ಪ್ರಶ್ನೆಯನ್ನೂ ಹಾಗೆಯೇ ಬದಿಗೆ ಸರಿಸಲಾಗದು. ಮಂಟಪದ ನಕ್ಷೆ ಅಧಿಕಾರಿಗಳ ಕೈಯಲ್ಲಿತ್ತು. ಯಾವ ಮನೆ ಯಾವಾಗ ಬಂದಿತು, ಯಾರಿಗೆ ಗುಡಿಯ ಯಾವ ಸೇವೆಯ ಹಕ್ಕಿತ್ತು, ಯಾವುದು ಪರಂಪರೆಯ ವಾಸ, ಯಾವುದು ಪ್ರವಾಸೋದ್ಯಮದ ಲಾಭಕ್ಕೆ ಎದ್ದುದು ಎಂಬ ಕೈಫಿಯತ್ತು ಮಾತ್ರ ಆ ತೀರ್ಮಾನಕ್ಕೆ ಆಧಾರವಾಗಲಿಲ್ಲ. ಎಲ್ಲರಿಗೂ ಒತ್ತುವರಿದಾರರೆಂಬ ಒಂದೇ ಹೆಸರು ಸಂದಿತು.

ಮೆಕೆಂಜಿಯು ಎರಡು ವರ್ಷ ದುಡಿದ ಜಾವಾದಲ್ಲಿಯೂ ಬೊರೊಬುದೂರಿನ ಜೀರ್ಣೋದ್ಧಾರದ ಬಳಿಕ ಸುತ್ತ ಉದ್ಯಾನ ನಿರ್ಮಿಸಲು ಸ್ತೂಪದ ಬಳಿಯಿದ್ದ ಹಳ್ಳಿಗರನ್ನು ಸ್ಥಳಾಂತರಿಸಲಾಯಿತು. ಆದರೆ ಇದೊಂದೇ ಮಾರ್ಗವಲ್ಲ. ಜಪಾನು 1975ರಲ್ಲಿ ತನ್ನ ಸಾಂಸ್ಕೃತಿಕ ಸ್ವತ್ತುಗಳ ಕಾಯ್ದೆಗೆ ತಿದ್ದುಪಡಿ ತಂದು, ಬಿಡಿ ಕಟ್ಟಡಗಳಂತೆಯೇ ಸಾಂಪ್ರದಾಯಿಕ ಮನೆಗಳ ಸಾಲುಗಳನ್ನೂ ಸಂರಕ್ಷಣಾ ವಲಯಗಳೆಂದು ಗುರುತಿಸುವ ವ್ಯವಸ್ಥೆಯನ್ನು ಮಾಡಿತು. ಕ್ಯೋಟೊ ನಗರದ ಗಿಯೊನ್ ಬೀದಿ, ಶಿರಕಾವಾದ ಹುಲ್ಲುಮಾಡಿನ ಹಳ್ಳಿ ಇವು 1976ರಲ್ಲಿಯೇ ಈ ಪಟ್ಟಿಗೆ ಸೇರಿದವು. ಅಲ್ಲಿ ಸ್ಥಳೀಯ ಆಡಳಿತ ಮತ್ತು ನಿವಾಸಿಗಳು ನಿಯಮಗಳನ್ನು ಒಪ್ಪಿಕೊಂಡು ಮನೆಯ ಹೊರರೂಪವನ್ನು ಕಾಯುತ್ತಾರೆ; ದುರಸ್ತಿಗೆ ಸರ್ಕಾರದ ಸಹಾಯಧನವಿರುತ್ತದೆ. ವಾಸವಿರುವುದರಿಂದಲೇ ಕಟ್ಟಡ ಉಳಿಯುತ್ತದೆಂಬುದು ಅದರ ತಳಹದಿ. ಕಾಲುವೆಯ ದುರಸ್ತಿಯ ಹೊಣೆಯನ್ನು ಕಾಲುವೆಯ ಹಕ್ಕಿನೊಂದಿಗೇ ಬರೆದಿಟ್ಟ ಬಳ್ಳಾರಿ ಸೀಮೆಯ ಕರಣಿಕರಿಗೆ ಈ ತತ್ತ್ವ ಹೊಸದಾಗಿರಲಿಲ್ಲ.

1994ರಲ್ಲಿ ಎಂ.ಎಂ. ಕಲಬುರ್ಗಿ ಅವರ ಸಂಪಾದಕತ್ವದಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಕರ್ನಾಟಕದ ಕೈಫಿಯತ್ತುಗಳನ್ನು ಪ್ರಕಟಿಸಿತು. ಮದರಾಸಿನ ಭಂಡಾರದಲ್ಲಿದ್ದ ಊರಿನ ಮಾತು ಹೀಗೆ ಮುದ್ರಿತ ರೂಪದಲ್ಲಿ ತನ್ನ ಸೀಮೆಗೆ ಮರಳಿತು. 1953ರಲ್ಲಿ ಬಳ್ಳಾರಿ ಜಿಲ್ಲೆ ಮದರಾಸಿನಿಂದ ಬೇರ್ಪಟ್ಟು, ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೂ ಉಳಿದವು ಮೈಸೂರಿಗೂ ಸೇರಿದ ಕಾರಣ ಈ ಸೀಮೆಯ ದಾಖಲೆಗಳು ರಾಜ್ಯ ಮತ್ತು ಭಾಷೆಗಳ ಗಡಿಯಾಚೆಗೂ ಹರಡಿವೆ. ತೆಲುಗಿನಲ್ಲಿರುವ ವೃತ್ತಾಂತಗಳನ್ನೂ ಲಂಡನ್ನಿನಲ್ಲಿರುವ ನಕ್ಷೆಗಳನ್ನೂ ಕನ್ನಡದ ಕೈಫಿಯತ್ತುಗಳೊಡನೆ ಊರೂರಿನ ಮಟ್ಟದಲ್ಲಿ ಜೋಡಿಸಿ ನೋಡುವ ಕಾರ್ಯ ನಡೆಯಬೇಕಾಗಿದೆ. ಕುರುಗೋಡಿನ ಗುಡಿಸಾಲು, ಸಿರುಗುಪ್ಪದ ಕಾಲುವೆ, ಬಳ್ಳಾರಿಯ ಕೋಟೆ, ಪೇಟೆಗಳಿಗೆ ಮಾತ್ರವಲ್ಲದೆ ಮೋಕದಂತಹ ಊರುಗಳ ಅಗಸಿ, ಹುಡೇವು, ಮಾಳಿಗೆ ಮನೆಗಳಿಗೂ ಅದು ಅನ್ವಯಿಸಬೇಕು. ಸ್ಮಾರಕಗಳ ಪಟ್ಟಿಗೆ ಸೇರದ ಈ ಸಾಧಾರಣ ಕಟ್ಟಡಗಳು ರಸ್ತೆ ಅಗಲವಾದಾಗ, ಆರ್‌ಸಿಸಿ ಮನೆಗಳು ಎದ್ದಾಗ ಯಾರ ಗಮನಕ್ಕೂ ಬಾರದೆ ಇಲ್ಲವಾಗುತ್ತವೆ.

ಸಮಾರೋಪ

ಮೆಕೆಂಜಿಯು ಯಾವ ಊರನ್ನೂ ಅಳಿವಿನಿಂದ ಪಾರುಮಾಡಲಿಲ್ಲ. ಅವನು ಆಳುವವರ ಸೇವಕನಾಗಿದ್ದನು. ಅವನ ನಕ್ಷೆಗಳು ಕಂದಾಯಕ್ಕೂ ದಂಡಿಗೂ ನೆರವಾದವು. ಅವನ ಹೆಸರಿನಲ್ಲಿರುವ ಸಂಗ್ರಹವು ಬೊರಯ್ಯ, ಲಕ್ಷ್ಮಯ್ಯ, ಧರ್ಮಯ್ಯ ಮತ್ತು ಹೆಸರು ಉಳಿಯದ ಅಸಂಖ್ಯ ಕರಣಿಕರ ದುಡಿಮೆಯ ಫಲ. ಇಷ್ಟನ್ನು ಒಪ್ಪಿಕೊಂಡ ಮೇಲೂ ಅವನ ಕಾರ್ಯದಿಂದ ಸಿಗುವ ತಿಳಿವಳಿಕೆಯ ಮಹತ್ವ ಕುಗ್ಗುವುದಿಲ್ಲ. ಊರಿನ ಅಳತೆಯನ್ನು ತೆಗೆದುಕೊಳ್ಳುವಾಗ ಊರಿನವರ ಹೇಳಿಕೆಯನ್ನೂ ಪಡೆಯಬೇಕೆಂಬುದು ಅವನು ಪಾಲಿಸಿದ ಕ್ರಮ. ಅನಂತರದ ಎರಡು ಶತಮಾನಗಳಲ್ಲಿ ಅಳತೆಯ ವಿದ್ಯೆ ಬಹಳ ಮುಂದುವರಿದಿದೆ, ಹೇಳಿಕೆಯನ್ನು ಕೇಳುವ ಕ್ರಮ ಹಿಂದೆ ಬಿದ್ದಿದೆ. ಹಳೆಯ ಪಟ್ಟಣಗಳ ರಕ್ಷಣೆಗೆ ಹೊರಡುವ ಯಾವುದೇ ಯೋಜನೆ ಮೊದಲು ತುಂಬಿಕೊಳ್ಳಬೇಕಾದ ಕೊರತೆ ಇದೇ ಆಗಿದೆ.